ಕೇಸ್ ಬಿದ್ದರೆ ಕೋವಿ ಲೈಸೆನ್ಸ್ ಏನಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳೆ ಕಾಯಲು, ಆತ್ಮರಕ್ಷಣೆಗೆ ಅಥವಾ ಶೂಟಿಂಗ್ ಕ್ರೀಡೆಗೆ ಲೈಸೆನ್ಸ್ ಪಡೆದು ಕೋವಿ ಇಟ್ಟುಕೊಂಡಿರುವವರ ಮೇಲೆ ಕ್ರಿಮಿನಲ್ ಪ್ರಕರಣ ದಾಖಲಾದಾಗ ಏಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಆಧಾರ 1959ರ ಶಸ್ತ್ರಾಸ್ತ್ರ ಕಾಯ್ದೆ, ಅದಕ್ಕೆ 2019ರಲ್ಲಿ ಬಂದ ತಿದ್ದುಪಡಿ ಮತ್ತು 2016ರ ನಿಯಮಗಳು. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆ (ಸಿಆರ್‌ಪಿಸಿ) ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್) ಬಂದಿದೆ. ಆದರೂ ಠಾಣೆಯಲ್ಲಿ, ತಾಲ್ಲೂಕು ಕಚೇರಿಯಲ್ಲಿ ಹಳೆಯ ಕಲಂ ಸಂಖ್ಯೆಗಳೇ ಬಾಯಲ್ಲಿ ಓಡಾಡುತ್ತಿರುವುದರಿಂದ ಎರಡನ್ನೂ ಕೊಟ್ಟಿದೆ.

ಎಫ್‌ಐಆರ್ ಆದ ಕೂಡಲೇ ಲೈಸೆನ್ಸ್ ತಾನಾಗಿ ರದ್ದಾಗುತ್ತದೆಯೇ?

ಇಲ್ಲ. ಎಫ್‌ಐಆರ್ ಆಗಲಿ, ಬಂಧನವಾಗಲಿ, ಚಾರ್ಜ್‌ಶೀಟ್ ಆಗಲಿ ಲೈಸೆನ್ಸನ್ನು ತಾನಾಗಿ ಮುರಿಯುವುದಿಲ್ಲ. ಲೈಸೆನ್ಸ್ ಕೊಟ್ಟ ಪ್ರಾಧಿಕಾರ, ಅಂದರೆ ಜಿಲ್ಲೆಗಳಲ್ಲಿ ಜಿಲ್ಲಾ ದಂಡಾಧಿಕಾರಿಯಾಗಿ ಡಿಸಿ, ಕಮಿಷನರೇಟ್ ಇರುವ ನಗರಗಳಲ್ಲಿ ಪೊಲೀಸ್ ಕಮಿಷನರ್, ಲಿಖಿತ ಆದೇಶ ಹೊರಡಿಸಿದ ಮೇಲಷ್ಟೇ ಅಮಾನತು ಅಥವಾ ರದ್ದು. ‘ಕೇಸಾಗಿದೆ, ಲೈಸೆನ್ಸ್ ಪುಸ್ತಕ ತಂದು ಕೊಡಿ’ ಎಂದು ಠಾಣೆಯಿಂದ ಬಾಯಿಮಾತಿನ ಬುಲಾವ್ ಬಂದರೆ ಅದು ಆದೇಶವಲ್ಲ. ಲೈಸೆನ್ಸ್ ತೋರಿಸಿ ಎಂದು ಕೇಳುವ ಅಧಿಕಾರ ಪೊಲೀಸರಿಗಿದೆ, ತೋರಿಸಲೇಬೇಕು. ಇಟ್ಟುಕೊಳ್ಳುವುದಾದರೆ ಯಾವ ಆದೇಶದ ಮೇಲೆ ಎಂದು ಕೇಳಿ, ಸ್ವೀಕೃತಿ ಪಡೆಯಿರಿ.

ಕೋವಿ ಹೊಂದುವುದು ಹಕ್ಕಲ್ಲವೇ? ಆರೋಪ ಸಾಬೀತಾಗುವ ತನಕ ನಾನು ನಿರಪರಾಧಿ ತಾನೆ?

ನಿರಪರಾಧಿ ಎನ್ನುವುದು ಸರಿ, ಹಕ್ಕು ಎನ್ನುವುದು ತಪ್ಪು. ಅಮೆರಿಕದಲ್ಲಿರುವಂತೆ ಆಯುಧ ಹೊಂದುವ ಹಕ್ಕು ನಮ್ಮ ಸಂವಿಧಾನದಲ್ಲಿಲ್ಲ. 2023ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಅಮೆರಿಕದ ಜೊತೆ ಹೋಲಿಸಿ ಹೇಳಿತು. ಇಲ್ಲಿರುವುದು ಕಾಯ್ದೆ ಕೊಟ್ಟ ಅನುಮತಿ ಮಾತ್ರ. ಆದರೆ ಅನುಮತಿಯನ್ನು ಮನಸ್ಸಿಗೆ ಬಂದಂತೆ ಕಿತ್ತುಕೊಳ್ಳುವಂತಿಲ್ಲ. ಕಾರಣ ಬರೆಯಬೇಕು, ನಿಮ್ಮ ಮಾತು ಕೇಳಬೇಕು. ಹಾಗಾಗಿ ‘ನನ್ನ ಮೂಲಭೂತ ಹಕ್ಕು’ ಎಂದು ಶುರುವಾಗುವ ಅರ್ಜಿಗಳು ಸಾಮಾನ್ಯವಾಗಿ ನಿಲ್ಲುವುದಿಲ್ಲ. ‘ಆದೇಶದಲ್ಲಿ ಕಾರಣವೇ ಇಲ್ಲ, ನನ್ನನ್ನು ಕೇಳಲೇ ಇಲ್ಲ’ ಎಂದು ಶುರುವಾಗುವವು ಎಷ್ಟೋ ಸಲ ಗೆಲ್ಲುತ್ತವೆ.

ಹಾಗಾದರೆ ಕಾಯ್ದೆಯೇ ನೇರವಾಗಿ ತಡೆಯುವುದು ಯಾರನ್ನು?

9ನೇ ಕಲಂ ನೋಡಿ. 21 ವರ್ಷ ತುಂಬದವರು ಒಂದು ಗುಂಪು. ಹಿಂಸೆ ಅಥವಾ ನೈತಿಕ ಅಧಃಪತನದ ಅಪರಾಧಕ್ಕೆ ಜೈಲು ಶಿಕ್ಷೆಯಾದವರು ಎರಡನೆಯ ಗುಂಪು. ಶಿಕ್ಷೆ ಎಷ್ಟೇ ದಿನದ್ದಿರಲಿ, ಅದು ಮುಗಿದ ಮೇಲೂ ಐದು ವರ್ಷ ಅವರು ಕೋವಿ ಇಟ್ಟುಕೊಳ್ಳುವಂತಿಲ್ಲ. ಶಾಂತಿಪಾಲನೆಗೆ ಅಥವಾ ಸನ್ನಡತೆಗೆ ಮುಚ್ಚಳಿಕೆ ಬರೆದುಕೊಡಲು ಆದೇಶವಾದವರು ಮೂರನೆಯವರು. ಮುಚ್ಚಳಿಕೆಯ ಅವಧಿ ಮುಗಿಯುವವರೆಗೆ ಅವರಿಗೂ ನಿಷೇಧ. ‘ಆರೋಪಿ’ ಎಂಬ ಮಾತು ಈ ಪಟ್ಟಿಯಲ್ಲಿಲ್ಲ.

ಸಿಆರ್‌ಪಿಸಿ 107ರಲ್ಲಿ ಶಾಂತಿ ಕಾಪಾಡುವ ಮುಚ್ಚಳಿಕೆ ಬರೆಸಿಕೊಂಡಿದ್ದಾರೆ. ಬರೀ ಬೇಲಿ ಜಗಳ. ಅದಕ್ಕೂ ಕೋವಿಗೂ ಏನು ಸಂಬಂಧ?

ಬಹಳ ಜನ ಎಡವುವ ಜಾಗ ಇದೇ. ಕೊಲೆ ಯತ್ನದ ಆರೋಪ ಹೊತ್ತು ಜಾಮೀನಿನ ಮೇಲಿರುವವನ ಲೈಸೆನ್ಸ್ ಡಿಸಿ ಆದೇಶ ಬರುವ ತನಕ ಜೀವಂತ. ಬೇಲಿ ಸರಿಸಿದ ತಕರಾರಿಗೆ ತಹಶೀಲ್ದಾರರ ಮುಂದೆ ಒಂದು ವರ್ಷದ ಮುಚ್ಚಳಿಕೆಗೆ ಸಹಿ ಹಾಕಿ ಬಂದವನಿಗೆ ಅದೇ ದಿನದಿಂದ ಕೋವಿ ನಿಷಿದ್ಧ, ಜೇಬಿನಲ್ಲಿ ಚಾಲ್ತಿ ಲೈಸೆನ್ಸ್ ಇದ್ದರೂ. ವಿಚಿತ್ರವೆನಿಸಬಹುದು, ಕಾನೂನು ಇರುವುದೇ ಹಾಗೆ. ಊರಿನ ಜಗಳಗಳಲ್ಲಿ ಎರಡೂ ಕಡೆಯವರಿಂದ ಸಹಿ ಹಾಕಿಸಿ ಫೈಲು ಮುಚ್ಚುವುದು ವಾಡಿಕೆ. ‘ಸುಮ್ಮನೆ ಒಂದು ಸೈನ್ ಹಾಕಿ ಹೋಗಿ’ ಎಂಬ ಮಾತಿಗೆ ಸಹಿ ಹಾಕುವ ಮುನ್ನ ಕೋವಿ ಇರುವವರು ಇದನ್ನು ನೆನಪಿಡಬೇಕು.

ಹಂತಗಳನ್ನು ಬೇರೆ ಬೇರೆಯಾಗಿ ನೋಡಿ. ಪೊಲೀಸರು ವರದಿ ಕೊಟ್ಟ ಮಾತ್ರಕ್ಕೆ ನಿಷೇಧವಿಲ್ಲ. ಕಾರ್ಯನಿರ್ವಾಹಕ ದಂಡಾಧಿಕಾರಿ ‘ಮುಚ್ಚಳಿಕೆ ಏಕೆ ಪಡೆಯಬಾರದು’ ಎಂದು ನೋಟಿಸ್ ಕೊಟ್ಟಾಗಲೂ (ಹಳೆಯ 111, ಈಗ ಬಿಎನ್‌ಎಸ್‌ಎಸ್ 130) ಇಲ್ಲ. ವಿಚಾರಣೆ ಮುಗಿದು ಮುಚ್ಚಳಿಕೆಗೆ ಆದೇಶವಾದಾಗ ನಿಷೇಧ ಅಂಟಿಕೊಳ್ಳುತ್ತದೆ. ವಿಚಾರಣೆ ನಡೆಯುತ್ತಿರುವಾಗಲೇ ಮಧ್ಯಂತರ ಮುಚ್ಚಳಿಕೆ ಕೇಳಿದರೆ ಅದನ್ನೂ ನಿಷೇಧವೆಂದೇ ಎಣಿಸಿ ಕೋವಿ ಜಮಾ ಮಾಡುವುದು ಕ್ಷೇಮ. 107ರ (ಈಗ 126) ಮುಚ್ಚಳಿಕೆ ಒಂದು ವರ್ಷ ಮೀರುವಂತಿಲ್ಲ, 110ರದ್ದು (ಈಗ 129) ಮೂರು ವರ್ಷ. ವಿಚಾರಣೆ ಆರು ತಿಂಗಳಲ್ಲಿ ಮುಗಿಯದಿದ್ದರೆ, ವಿಶೇಷ ಕಾರಣ ಬರೆದು ಮುಂದುವರಿಸದ ಹೊರತು, ಅದು ಅಲ್ಲಿಗೇ ಬಿದ್ದುಹೋಗುತ್ತದೆ. ಆದ್ದರಿಂದ ತಕರಾರು ಸಲ್ಲಿಸಿ ವಿಚಾರಣೆ ಎದುರಿಸುವುದು ಒಂದು ದಾರಿ. ಸಹಿ ಹಾಕಿದ್ದೇ ಆದರೆ ಮುಚ್ಚಳಿಕೆಯ ಪ್ರತಿ ಪಡೆದು, ಅವಧಿ ಮುಗಿಯುವ ದಿನಾಂಕ ಗುರುತಿಟ್ಟುಕೊಳ್ಳಿ.

ಡಿಸಿ ಯಾವ ಕಾರಣಕ್ಕೆ ಅಮಾನತು ಅಥವಾ ರದ್ದು ಮಾಡಬಹುದು?

17ನೇ ಕಲಂನಲ್ಲಿ ಪಟ್ಟಿ ಇದೆ: ಕಾಯ್ದೆಯ ಪ್ರಕಾರ ನಿಷಿದ್ಧ ವ್ಯಕ್ತಿ, ಮಾನಸಿಕ ಅಸ್ವಸ್ಥತೆ, ‘ಯಾವುದೇ ಕಾರಣಕ್ಕೆ ಅನರ್ಹ’, ಸಾರ್ವಜನಿಕ ಶಾಂತಿ ಮತ್ತು ಸುರಕ್ಷತೆ, ಮಾಹಿತಿ ಮುಚ್ಚಿಟ್ಟು ಲೈಸೆನ್ಸ್ ಪಡೆದದ್ದು, ಷರತ್ತು ಮುರಿದದ್ದು. ಆರೋಪಿಗಳ ವಿಷಯದಲ್ಲಿ ಬಳಕೆಯಾಗುವುದು ಹೆಚ್ಚಾಗಿ ‘ಅನರ್ಹ’ ಮತ್ತು ‘ಸಾರ್ವಜನಿಕ ಶಾಂತಿ’.

ಪ್ರಕರಣ ಬಾಕಿಯಿದೆ ಎಂಬ ಒಂದೇ ಕಾರಣ ಸಾಲದು ಎಂದು ಹೈಕೋರ್ಟ್‌ಗಳು ಮತ್ತೆ ಮತ್ತೆ ಹೇಳಿವೆ. ಈ ವ್ಯಕ್ತಿಯ ಕೈಯಲ್ಲಿ ಕೋವಿ ಇದ್ದರೆ ಶಾಂತಿಗೆ ಹೇಗೆ ಧಕ್ಕೆ ಎಂಬುದನ್ನು ಆದೇಶ ಹೇಳಬೇಕು. ಚೆಕ್ ಬೌನ್ಸ್ ಕೇಸಿಗೂ ಕೋವಿಗೂ ಕೊಂಡಿ ಹಾಕುವುದು ಕಷ್ಟ. ನೆರೆಯವನಿಗೆ ಕೋವಿ ತೋರಿಸಿ ಬೆದರಿಸಿದ ಕೇಸಾದರೆ ಕೊಂಡಿ ತಾನಾಗಿಯೇ ಇದೆ, ಅಲ್ಲಿ ‘ಬರೀ ಕೇಸ್ ಬಾಕಿ’ ಎಂಬ ವಾದ ನಡೆಯುವುದಿಲ್ಲ. ಅಮಾನತು ‘ತಕ್ಕ ಅವಧಿಗೆ’ ಎಂದು ಕಾಯ್ದೆ ಹೇಳುತ್ತದೆ. ಅವಧಿಯೇ ಹೇಳದೆ ವರ್ಷಗಟ್ಟಲೆ ಎಳೆಯುವ ಅಮಾನತನ್ನು ಪ್ರಶ್ನಿಸಬಹುದು.

ಕಾರಣ ಕೇಳಿ ನೋಟಿಸ್ ಬಂದಿದೆ. ಉತ್ತರದಲ್ಲಿ ಏನಿರಬೇಕು?

ಮೊದಲು ನೋಟಿಸ್ ಕೈಗೆ ಬಂದ ದಿನಾಂಕ. ಲಕೋಟೆಯನ್ನೂ ಎಸೆಯಬೇಡಿ, ಅಂಚೆ ಮುದ್ರೆ ಮುಂದೆ ಬೇಕಾಗುತ್ತದೆ. ಆಮೇಲೆ ಪ್ರಕರಣದ ಅಪರಾಧ ಸಂಖ್ಯೆ, ಕಲಂಗಳು, ಈಗಿನ ಹಂತ, ಜಾಮೀನು ಆದೇಶದ ಪ್ರತಿ. ಕೋವಿ ಆ ಘಟನೆಯಲ್ಲಿ ಬಳಕೆಯಾಗಿಲ್ಲವೆಂದಾದರೆ ಎಫ್‌ಐಆರ್‌ನ ಯಾವ ಸಾಲಿನಲ್ಲೂ ಕೋವಿಯ ಮಾತಿಲ್ಲವೆಂದು ಎತ್ತಿ ತೋರಿಸಿ. ಲೈಸೆನ್ಸ್ ಎಷ್ಟು ವರ್ಷದಿಂದ ಇದೆ, ಎಷ್ಟು ಸಲ ನವೀಕರಣವಾಗಿದೆ, ಷರತ್ತು ಮುರಿದ ದಾಖಲೆ ಇಲ್ಲ ಎಂಬುದು ಬೇಕು. ಬೆಳೆ ರಕ್ಷಣೆಗೆ ಪಡೆದದ್ದಾದರೆ ಚಾಲ್ತಿ ಪಹಣಿ, ಬೆಳೆ ಹಾನಿಗೆ ಅರಣ್ಯ ಇಲಾಖೆಗೆ ಕೊಟ್ಟ ಅರ್ಜಿಗಳ ಪ್ರತಿ ಲಗತ್ತಿಸಿ. ಕೊನೆಯಲ್ಲಿ ‘ಖುದ್ದು ವಿಚಾರಣೆಗೆ ಅವಕಾಶ ಕೊಡಿ’ ಎಂಬ ಸಾಲು ಬಿಡಬೇಡಿ. ಆ ಸಾಲು ಇದ್ದೂ ನಿಮ್ಮನ್ನು ಕರೆಯದೆ ಆದೇಶ ಮಾಡಿದರೆ ಮೇಲ್ಮನವಿಯಲ್ಲಿ ಅದೊಂದೇ ಅಂಶ ಬಹಳ ದೂರ ಒಯ್ಯುತ್ತದೆ. ಪ್ರಕರಣವನ್ನು ಮಾತ್ರ ಮುಚ್ಚಿಡಬೇಡಿ. ಪೊಲೀಸ್ ವರದಿಯಲ್ಲಿ ಅದು ಹೇಗೂ ಬರುತ್ತದೆ.

ಕೋವಿ ಜಮಾ ಮಾಡಬೇಕಾಗಿದೆ. ಎಲ್ಲಿ, ಹೇಗೆ?

ಇಟ್ಟುಕೊಳ್ಳುವುದು ಕಾನೂನುಬದ್ಧವಲ್ಲ ಎಂದಾದ ಕೂಡಲೇ ತಡಮಾಡದೆ ಹತ್ತಿರದ ಠಾಣೆಯ ಅಧಿಕಾರಿಗೆ ಅಥವಾ ಲೈಸೆನ್ಸ್ ಇರುವ ಆಯುಧ ವ್ಯಾಪಾರಿಗೆ ಒಪ್ಪಿಸಬೇಕು. ಇದು 21ನೇ ಕಲಂ. ಅಮಾನತು ಅಥವಾ ರದ್ದಾಗಿದ್ದರೆ ಲೈಸೆನ್ಸನ್ನು ಆದೇಶ ಮಾಡಿದ ಪ್ರಾಧಿಕಾರಕ್ಕೆ ಒಪ್ಪಿಸಬೇಕು. ಅದಕ್ಕೂ ಮೊದಲು ಎಲ್ಲ ಪುಟಗಳ ಜೆರಾಕ್ಸ್ ಮಾಡಿಸಿಕೊಳ್ಳಿ.

ಹೊರಡುವ ಮುನ್ನ ತೋಟಾಗಳನ್ನು ತೆಗೆದು ಬೇರೆ ಚೀಲಕ್ಕೆ ಹಾಕಿ. ಜೋಡಿ ನಳಿಗೆಯ ಕೋವಿಯಾದರೆ ಮುರಿದು ತೆರೆದು ಎರಡೂ ನಳಿಗೆ ಖಾಲಿ ಇರುವುದನ್ನು ಕಣ್ಣಾರೆ ನೋಡಿ. ಕೇಪಿನ ಕೋವಿಯಾದರೆ ಮದ್ದು ತುಂಬಿಲ್ಲವೆಂದು ಸರಳು ಇಳಿಸಿ ಖಾತ್ರಿ ಮಾಡಿಕೊಳ್ಳಿ. ನಳಿಗೆ ಒರೆಸಿ ಒಳಗೂ ಹೊರಗೂ ತೆಳುವಾಗಿ ಕೋವಿ ಎಣ್ಣೆ ಹಚ್ಚಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಠಾಣೆಯ ಮೂಲೆಯಲ್ಲಿ ಒಂದು ವರ್ಷ ನಿಂತ ಕೋವಿ ತುಕ್ಕು ಹಿಡಿದು ನಳಿಗೆಯೊಳಗೆ ಗುಳಿ ಬಿದ್ದು ಬರುವುದು ಸಾಮಾನ್ಯ. ಕೋವಿ ಸಂಖ್ಯೆ, ಕುದುರೆ, ಹಿಡಿ ಸ್ಪಷ್ಟವಾಗಿ ಕಾಣುವಂತೆ ಫೋಟೊ ತೆಗೆದಿಡಿ. ಘಟನೆಯಲ್ಲಿ ಕೋವಿ ಬಳಸಿದ ಆರೋಪ ಇದ್ದರೆ ಮಾತ್ರ ಈ ಒರೆಸುವ, ಎಣ್ಣೆ ಹಚ್ಚುವ ಕೆಲಸಕ್ಕೆ ಕೈ ಹಾಕಲೇಬೇಡಿ. ಅದು ಸಾಕ್ಷ್ಯನಾಶವಾಗುತ್ತದೆ. ಇದ್ದಂತೆಯೇ ಬಿಟ್ಟು ವಕೀಲರ ಮೂಲಕ ಠಾಣೆಗೆ ತಿಳಿಸಿ.

ರಸೀದಿಯಲ್ಲಿ ತಯಾರಕರ ಹೆಸರು, ಕೋವಿ ಸಂಖ್ಯೆ, ನಳಿಗೆಯ ವಿಧ, ತೋಟಾಗಳ ಎಣಿಕೆ, ಲೈಸೆನ್ಸ್ ಸಂಖ್ಯೆ, ಯುಐಎನ್ (ಲೈಸೆನ್ಸುದಾರರಿಗೆ ಕೊಟ್ಟ ವಿಶಿಷ್ಟ ಗುರುತಿನ ಸಂಖ್ಯೆ), ಜಮಾ ಮಾಡಿದ ಕಾರಣ, ದಿನಾಂಕ ಮತ್ತು ಮೊಹರು ಇರಬೇಕು. ‘ಒಂದು ಕೋವಿ ಸ್ವೀಕರಿಸಲಾಗಿದೆ’ ಎಂಬ ಚೀಟಿ ಸಾಲದು. ವ್ಯಾಪಾರಿಯ ಬಳಿ ಇಟ್ಟರೆ ಬಾಡಿಗೆ ಬೀಳುತ್ತದೆ, ಆರೈಕೆ ಮಾತ್ರ ವಾಸಿ. ನಿಯಮದ ಅವಧಿಯೊಳಗೆ ವಾಪಸ್ ಪಡೆಯದೆ, ಅರ್ಹರಿಗೆ ಮಾರದೆ ಬಿಟ್ಟರೆ ಕೋವಿ ಸರ್ಕಾರಕ್ಕೆ ಮುಟ್ಟುಗೋಲಾಗಬಹುದು. ಲೈಸೆನ್ಸ್ ಅಮಾನತಿನಲ್ಲಿರುವ ಕಾಲದಲ್ಲಿ ಹಾಗೆ ಮಾಡುವಂತಿಲ್ಲ. ಮುಟ್ಟುಗೋಲಿಗೆ ಮೊದಲು ನೋಟಿಸ್ ಕೊಡಬೇಕು.

ಪೊಲೀಸರೇ ಕೋವಿ ಜಪ್ತಿ ಮಾಡಿದ್ದಾರೆ. ವಾಪಸ್ ಸಿಗುವುದು ಯಾವಾಗ?

ಜಮಾ ಬೇರೆ, ಜಪ್ತಿ ಬೇರೆ. ಜಪ್ತಿಯಾದ ಕೋವಿ ಪ್ರಕರಣದ ಸ್ವತ್ತು. ಮಹಜರಿನ ಪ್ರತಿ ಮತ್ತು ಪಿಎಫ್ ಸಂಖ್ಯೆ (ಜಪ್ತಿ ಮಾಡಿದ ಸ್ವತ್ತಿನ ನಮೂನೆಯ ಸಂಖ್ಯೆ) ಪಡೆದುಕೊಳ್ಳಿ. ಗುಂಡು ಹಾರಿದ ಆರೋಪವಿದ್ದರೆ ಅದು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುತ್ತದೆ, ವರದಿ ಬರುವ ಮುಂಚೆ ಬಿಡುಗಡೆ ಕೇಳುವುದು ವ್ಯರ್ಥ. ಬಳಿಕ ನ್ಯಾಯಾಲಯದಲ್ಲಿ ಮಧ್ಯಂತರ ಸುಪರ್ದಿಗೆ, ಅಂದರೆ ಕೇಸ್ ಮುಗಿಯುವವರೆಗೆ ಕೋವಿ ನಿಮ್ಮ ವಶದಲ್ಲಿರಲು, ಅರ್ಜಿ ಹಾಕಬಹುದು (ಹಳೆಯ 451, 457, ಈಗ 497, 503). ಅರ್ಜಿ ಬೀಳಲು ಮುಖ್ಯ ಕಾರಣ ಒಂದೇ: ಅಷ್ಟರಲ್ಲಿ ಲೈಸೆನ್ಸ್ ಅಮಾನತಾಗಿರುವುದು ಅಥವಾ ಅವಧಿ ಮೀರಿರುವುದು. ಲೈಸೆನ್ಸಿಲ್ಲದವರ ಕೈಗೆ ನ್ಯಾಯಾಲಯ ಕೋವಿ ಕೊಡುವುದಿಲ್ಲ. ಕಾಡುಹಂದಿ ಮೇಲೆ ಬಿದ್ದಾಗ ಅಥವಾ ಕಳ್ಳರು ನುಗ್ಗಿದಾಗ ಆತ್ಮರಕ್ಷಣೆಗೆ ಹಾರಿಸಿದ್ದಾದರೂ ಜಪ್ತಿ ತಪ್ಪುವುದಿಲ್ಲ. ಆತ್ಮರಕ್ಷಣೆಯ ವಾದ ತನಿಖೆಯಲ್ಲಿ, ವಿಚಾರಣೆಯಲ್ಲಿ ಬರುವಂಥದ್ದು.

ಕೇಸ್ ನಡೆಯುತ್ತಿರುವಾಗಲೇ ಲೈಸೆನ್ಸ್ ಅವಧಿ ಮುಗಿದರೆ?

ಇದು ಮೂಲ ಪ್ರಕರಣಕ್ಕಿಂತ ದೊಡ್ಡ ಅಪಾಯ. 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಅವಧಿ ಐದು ವರ್ಷ. ಅದೇ ತಿದ್ದುಪಡಿ ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಂಡರೆ ಕನಿಷ್ಠ ಎರಡು, ಗರಿಷ್ಠ ಐದು ವರ್ಷ ಜೈಲು ಎಂದು ಮಾಡಿದೆ. ಹೊಡೆದಾಟದ ಕೇಸಿನಲ್ಲಿ ಖುಲಾಸೆಯಾಗಿ, ಅವಧಿ ಮೀರಿದ ಕೋವಿಗಾಗಿ ಹೊಸ ಕೇಸಿನಲ್ಲಿ ಸಿಕ್ಕಿಬೀಳುವುದಕ್ಕೆ ಅರ್ಥವಿಲ್ಲ. ಕನಿಷ್ಠ ಎರಡು ತಿಂಗಳು ಮೊದಲೇ ನವೀಕರಣಕ್ಕೆ ಅರ್ಜಿ ಹಾಕಿ ಸ್ವೀಕೃತಿ ಪಡೆಯಿರಿ. ಬಾಕಿ ಕೇಸಿರುವವರ ನವೀಕರಣ ಪೊಲೀಸ್ ವರದಿಯಲ್ಲಿ ನಿಂತುಬಿಡುತ್ತದೆ. ಅವಧಿ ಮುಗಿಯುವ ದಿನದವರೆಗೂ ಆದೇಶ ಬರದಿದ್ದರೆ ಸ್ವೀಕೃತಿ ಇದೆಯೆಂದು ಧೈರ್ಯ ಮಾಡಬೇಡಿ, ಕೋವಿ ಜಮಾ ಮಾಡಿಬಿಡಿ. ಹಾಗೆಯೇ ಹಿಂದೆ ಮೂರು ಕೋವಿ ಇಟ್ಟುಕೊಳ್ಳಬಹುದಿತ್ತು, ಈಗ ಎರಡೇ. ಅಜ್ಜನ ಕಾಲದ ಮೂರನೆಯದು ಇನ್ನೂ ಗೋಡೆಯ ಮೇಲಿದ್ದರೆ ಮನೆ ಶೋಧದ ದಿನ ಅದೂ ಲೆಕ್ಕಕ್ಕೆ ಬರುತ್ತದೆ.

ಕೇಸ್ ಬಾಕಿ ಇರುವಾಗ ಹೊಸ ಲೈಸೆನ್ಸಿಗೆ ಅರ್ಜಿ ಹಾಕಬಹುದೇ?

ಹಾಕಬಹುದು, ಕಾಯ್ದೆ ತಡೆಯುವುದಿಲ್ಲ. ಸಿಗುವುದು ಅಪರೂಪ. ಕೈಯಲ್ಲಿರುವ ಲೈಸೆನ್ಸ್ ಕಿತ್ತುಕೊಳ್ಳಲು ಬೇಕಾಗುವಷ್ಟು ಕಾರಣ ಹೊಸದನ್ನು ನಿರಾಕರಿಸಲು ಬೇಕಾಗುವುದಿಲ್ಲ. ರೌಡಿ ಶೀಟ್ ಶಿಕ್ಷೆಯಲ್ಲ, 9ನೇ ಕಲಂನಲ್ಲೂ ಇಲ್ಲ, ಆದರೆ ಠಾಣೆಯ ವರದಿಯಲ್ಲಿ ಮೊದಲ ಸಾಲೇ ಅದಾಗಿರುತ್ತದೆ. ಮೊದಲು ಅದನ್ನು ತೆಗೆಸಿಕೊಳ್ಳುವ ಕೆಲಸ ನೋಡಿ. ಅರ್ಜಿ ನಮೂನೆ ಶಿಕ್ಷೆ, ಮುಚ್ಚಳಿಕೆ, ನಿಷೇಧಗಳ ಬಗ್ಗೆ ಕೇಳುತ್ತದೆ. ಸುಳ್ಳು ಬರೆದು ಪಡೆದ ಲೈಸೆನ್ಸ್ ಎಷ್ಟು ವರ್ಷದ ಮೇಲಾದರೂ ಆ ಕಾರಣಕ್ಕೇ ರದ್ದಾಗಬಹುದು. ನಿರಾಕರಿಸಿದರೆ ಕಾರಣ ದಾಖಲಿಸಬೇಕು, ಕೇಳಿದರೆ ಅದರ ಸಂಕ್ಷಿಪ್ತ ಹೇಳಿಕೆ ಕೊಡಬೇಕು. ಆಸ್ತಿ ಸಾಕಷ್ಟಿಲ್ಲ ಎಂಬ ಕಾರಣ ಮಾತ್ರಕ್ಕೆ ನಿರಾಕರಿಸುವಂತಿಲ್ಲ.

ಲೈಸೆನ್ಸುದಾರರು ಜೈಲಿನಲ್ಲಿದ್ದಾರೆ, ಕೋವಿ ಮನೆಯಲ್ಲಿದೆ. ಮಗ ನೋಡಿಕೊಳ್ಳಬಹುದೇ?

ಮಗನ ಹೆಸರು ಆ ಲೈಸೆನ್ಸಿನಲ್ಲಿ ಇಲ್ಲದಿದ್ದರೆ ಬೇಡ. ಲೈಸೆನ್ಸುದಾರರ ಲಿಖಿತ ಅಧಿಕಾರಪತ್ರದ ಮೇಲೆ ಬೇರೆಯವರು ಕೋವಿ ಒಯ್ಯಲು ಕಾಯ್ದೆ ಅವಕಾಶ ಕೊಟ್ಟಿದೆ, ಆದರೆ ಅದು ದುರಸ್ತಿ, ನವೀಕರಣ ಅಥವಾ ಲೈಸೆನ್ಸುದಾರರ ಸ್ವಂತ ಬಳಕೆಗಾಗಿ ಮಾತ್ರ. ಮನೆಯವರು ಠಾಣೆಗೆ ಲಿಖಿತವಾಗಿ ತಿಳಿಸಿ, ಪೊಲೀಸರೇ ಬಂದು ಮಹಜರು ಮಾಡಿ ಒಯ್ಯುವಂತೆ ಕೇಳುವುದು ಸರಿಯಾದ ದಾರಿ. ಬೈಕಿನಲ್ಲಿ ಗೋಣಿಚೀಲದಲ್ಲಿ ಸುತ್ತಿ ಒಯ್ಯುವುದು ಅಲ್ಲ.

ಬಿ ರಿಪೋರ್ಟ್ (ಕೇಸ್ ಮುಚ್ಚಲು ಪೊಲೀಸರು ನ್ಯಾಯಾಲಯಕ್ಕೆ ಕೊಡುವ ವರದಿ) ಆಯಿತು, ಅಥವಾ ಖುಲಾಸೆಯಾಯಿತು. ಲೈಸೆನ್ಸ್ ತಾನಾಗಿ ಮರಳುತ್ತದೆಯೇ?

ತಾನಾಗಿ ಏನೂ ಆಗುವುದಿಲ್ಲ. ತೀರ್ಪಿನ ದೃಢೀಕೃತ ನಕಲು ಅಥವಾ ಬಿ ರಿಪೋರ್ಟ್ ಅಂಗೀಕರಿಸಿದ ನ್ಯಾಯಾಲಯದ ಆದೇಶ ಪಡೆದು, ಡಿಸಿ ಕಚೇರಿಗೆ ಅಮಾನತು ತೆರವಿಗೆ ಅರ್ಜಿ ಕೊಡಬೇಕು. ಪೊಲೀಸರು ಬಿ ರಿಪೋರ್ಟ್ ಹಾಕಿದರೆ ಸಾಲದು, ದೂರುದಾರರು ತಕರಾರು ಹಾಕಿದರೆ ಪ್ರಕರಣ ಮತ್ತೆ ಎದ್ದು ಕೂರುತ್ತದೆ. ಸಾಕ್ಷಿಗಳು ಪ್ರತಿಕೂಲವಾಗಿ ಅಥವಾ ಸಂಶಯದ ಲಾಭ ಕೊಟ್ಟು ಬಿಟ್ಟಿದ್ದರೆ ಡಿಸಿ ತೀರ್ಪನ್ನು ಓದಿ ಬೇರೆ ಅಭಿಪ್ರಾಯಕ್ಕೆ ಬರಬಹುದು, ಅದಕ್ಕೂ ಕಾರಣ ಬರೆಯಬೇಕು. ರಾಜಿಯಿಂದ ಮುಗಿದ ಕೇಸಿನಲ್ಲಿ ರಾಜಿ ಅರ್ಜಿಯ ಪ್ರತಿಯನ್ನೂ ಸೇರಿಸಿ.

ಬರೀ ದಂಡ ಬಿದ್ದಿದೆ. ಅದೂ ಐದು ವರ್ಷದ ನಿಷೇಧವೇ?

9ನೇ ಕಲಂ ಕೇಳುವುದು ಜೈಲು ಶಿಕ್ಷೆ. ದಂಡ ಮಾತ್ರವಾದರೆ ಆ ನಿಷೇಧ ಬರುವುದಿಲ್ಲ. ಪರಿವೀಕ್ಷಣಾ ಕಾಯ್ದೆಯಡಿ ಎಚ್ಚರಿಕೆ ಕೊಟ್ಟು ಅಥವಾ ಸನ್ನಡತೆಯ ಮೇಲೆ ಬಿಟ್ಟಿದ್ದರೆ ಆ ಕಾಯ್ದೆಯ 12ನೇ ಕಲಂ ಶಿಕ್ಷೆಗೆ ಅಂಟಿದ ಅನರ್ಹತೆಯನ್ನು ತೆಗೆದುಹಾಕುತ್ತದೆ. ಶಿಕ್ಷೆ ಹೇಳುವ ದಿನವೇ ವಕೀಲರು ಇದನ್ನು ಕೇಳಿಕೊಳ್ಳಬೇಕು, ಅಂದು ತಪ್ಪಿದರೆ ಮೇಲ್ಮನವಿಯಲ್ಲೂ ಕೇಳಬಹುದು. ಮೇಲ್ಮನವಿಯಲ್ಲಿ ಶಿಕ್ಷೆ ಅಮಾನತಾದರೆ ಜೈಲು ಮಾತ್ರ ತಪ್ಪುತ್ತದೆ, ದೋಷಿ ಎಂಬ ತೀರ್ಮಾನ ಉಳಿಯುತ್ತದೆ. ಅದಕ್ಕೇ ಪ್ರತ್ಯೇಕ ತಡೆ ಕೇಳಬೇಕು.

ಅರಣ್ಯ ಇಲಾಖೆ ಕೇಸಾದರೆ?

1972ರ ವನ್ಯಜೀವಿ ಕಾಯ್ದೆ ಹೆಚ್ಚು ಬಿಗಿ. ಶಿಕ್ಷೆಯಾದರೆ ಬಳಸಿದ ಕೋವಿಯ ಲೈಸೆನ್ಸ್ ರದ್ದುಪಡಿಸಿ ಐದು ವರ್ಷ ಹೊಸದು ಸಿಗದಂತೆ ನ್ಯಾಯಾಲಯ ಆದೇಶಿಸಬಹುದು. ಅಪರಾಧಕ್ಕೆ ಬಳಸಿದ ಆಯುಧ ಸರ್ಕಾರದ ಸ್ವತ್ತಾಗುತ್ತದೆ ಎಂದು 39ನೇ ಕಲಂ ಹೇಳುತ್ತದೆ. ಆದರೆ ಜಪ್ತಿ ಮಾತ್ರದಿಂದ ಅದು ಸರ್ಕಾರದ್ದಾಗುವುದಿಲ್ಲ, ಅಪರಾಧಕ್ಕೆ ಬಳಕೆಯಾದದ್ದು ಸಾಬೀತಾಗಬೇಕು ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ಒಂದು ವಾಹನದ ಪ್ರಕರಣದಲ್ಲಿ ಇದೇ ಕಲಂ ಕುರಿತು ಹೇಳಿದೆ. ಬೆಳೆ ರಕ್ಷಣೆಯ ಕೋವಿ ಲೈಸೆನ್ಸ್ ಬೇಟೆಯ ಪರವಾನಗಿ ಅಲ್ಲವೇ ಅಲ್ಲ.

ಹೆಂಡತಿ ಕೌಟುಂಬಿಕ ದೌರ್ಜನ್ಯದ ದೂರು ಕೊಟ್ಟಿದ್ದಾರೆ.

ರಕ್ಷಣಾ ಆದೇಶದ ಜೊತೆಗೆ ಆಯುಧ ವಶಕ್ಕೆ ಪಡೆಯಲು ನ್ಯಾಯಾಲಯ ನಿರ್ದೇಶಿಸಬಹುದು. ಬೆದರಿಕೆಯ ಮಾತು ದೂರಿನಲ್ಲಿದ್ದರೆ ಡಿಸಿಯ ಅಮಾನತು ಆದೇಶಕ್ಕೆ ಅಷ್ಟೇ ಸಾಕು, ಸಾಕಾಗಬೇಕು ಕೂಡ. ದೂರು ಕೊಡುವವರ ಕಡೆಯಿಂದ ಒಂದು ಮಾತು: ಮನೆಯಲ್ಲಿ ಕೋವಿ ಇದೆ ಎಂಬುದನ್ನು ದೂರಿನಲ್ಲೇ ಬರೆಯಿರಿ, ಡಿಸಿಗೂ ಪ್ರತಿ ಕಳಿಸಿ. ಬರೆಯದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಚುನಾವಣೆ ಬಂದಾಗ ಎಲ್ಲರಿಗಿಂತ ಮೊದಲು ನಮ್ಮನ್ನೇ ಕರೆಯುತ್ತಾರೆ, ಏಕೆ?

ಜಾಮೀನಿನ ಮೇಲಿರುವವರು, ಅಪರಾಧ ಹಿನ್ನೆಲೆಯವರು, ಹಿಂದೆ ಗಲಭೆಯಲ್ಲಿ ಹೆಸರು ಬಂದವರ ಲೈಸೆನ್ಸ್ ಪರಿಶೀಲಿಸಬೇಕೆಂದು ಚುನಾವಣಾ ಆಯೋಗದ ಸೂಚನೆಯೇ ಇದೆ. ಜಿಲ್ಲಾ ಸ್ಕ್ರೀನಿಂಗ್ ಸಮಿತಿ ಹೆಸರು ಹೆಸರಾಗಿ ನೋಡಬೇಕು, ಊರಿಗೆಲ್ಲ ಒಂದೇ ಆದೇಶ ಹೊರಡಿಸುವುದಲ್ಲ. ಮಲೆನಾಡು, ಕರಾವಳಿಯ ಕೃಷಿಕರು ಈ ತಕರಾರನ್ನು ಹೈಕೋರ್ಟ್‌ವರೆಗೆ ಒಯ್ದಿದ್ದಾರೆ. ಬಾಕಿ ಕೇಸಿರುವವರಿಗೆ ವಿನಾಯಿತಿ ಸಿಗುವ ಸಂಭವ ಕಡಿಮೆ. ಫಲಿತಾಂಶದ ಬಳಿಕ ಕೋವಿ ತಾವೇ ಹೋಗಿ ಬಿಡಿಸಿಕೊಂಡು ಬನ್ನಿ, ಯಾರೂ ಮನೆಗೆ ತಂದು ಕೊಡುವುದಿಲ್ಲ.

ಕೊಡವರಿಗೆ ಲೈಸೆನ್ಸೇ ಬೇಡವಲ್ಲ, ಅವರಿಗೆ ಇದೆಲ್ಲ ಅನ್ವಯಿಸುವುದೇ?

ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ (ಕೊಡಗಿನ ವಂಶಪಾರಂಪರ್ಯ ಜಮೀನು ಹೊಂದಿದವರಿಗೆ) ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷ, ಅಂದರೆ 2029ರ ಅಕ್ಟೋಬರ್ ಅಂತ್ಯದವರೆಗೆ ಮುಂದುವರಿಸಿತು. 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ವಿನಾಯಿತಿ ಇರುವುದು ಲೈಸೆನ್ಸಿನಿಂದ. ಕೇಸಾದಾಗ ಜಪ್ತಿ, ಪ್ರಯೋಗಾಲಯ, ನ್ಯಾಯಾಲಯದ ಸುಪರ್ದಿ, ಜಾಮೀನು ಷರತ್ತು ಎಲ್ಲವೂ ಅವರಿಗೂ ಒಂದೇ. ವಿನಾಯಿತಿ ಪತ್ರವನ್ನು ಲೈಸೆನ್ಸ್ ಪುಸ್ತಕದಷ್ಟೇ ಜೋಪಾನವಾಗಿಡಿ.

ಆದೇಶ ನಮ್ಮ ವಿರುದ್ಧ ಬಂತು. ಮುಂದೆ?

18ನೇ ಕಲಂ ಪ್ರಕಾರ ಮೇಲ್ಮನವಿ, 30 ದಿನದೊಳಗೆ. ಡಿಸಿ ಆದೇಶವಾದರೆ ಪ್ರಾದೇಶಿಕ ಆಯುಕ್ತರ ಮುಂದೆ. ಸರ್ಕಾರವೇ ಮಾಡಿದ ಅಥವಾ ಅದರ ನಿರ್ದೇಶನದಂತೆ ಆದ ಆದೇಶಕ್ಕೆ ಮೇಲ್ಮನವಿ ಇಲ್ಲ, ನೇರ ಹೈಕೋರ್ಟಿನಲ್ಲಿ ರಿಟ್. ತಡವಾದರೆ ಸಕಾರಣ ತೋರಿಸಿ ಮನ್ನಾ ಕೇಳಬಹುದು. ಮೇಲ್ಮನವಿ ಹಾಕಿದ ಮಾತ್ರಕ್ಕೆ ಆದೇಶ ನಿಲ್ಲುವುದಿಲ್ಲ, ತಡೆಯನ್ನು ಬೇರೆಯಾಗಿ ಕೇಳಬೇಕು. ಅಲ್ಲಿಯವರೆಗೆ ಕೋವಿ ಜಮಾದಲ್ಲೇ ಇರಲಿ. ಮೇಲ್ಮನವಿಯನ್ನು ಬಿಟ್ಟು ಸೀದಾ ರಿಟ್ ಹಾಕಿದರೆ ‘ಮೊದಲು ಅಲ್ಲಿಗೆ ಹೋಗಿ ಬನ್ನಿ’ ಎಂದು ವಾಪಸ್ ಕಳಿಸುವುದೇ ಹೆಚ್ಚು, ಅಷ್ಟರಲ್ಲಿ 30 ದಿನ ಕಳೆದಿರುತ್ತದೆ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಯಾವ ನಿಯಮ?

ಅಲ್ಲಿಯದು ತೀರ ಬೇರೆ. ಒಂದು ವರ್ಷಕ್ಕಿಂತ ಹೆಚ್ಚು ಶಿಕ್ಷೆ ಇರುವ ಅಪರಾಧಕ್ಕೆ ದೋಷಾರೋಪವಾದವರು ಹೊಸ ಬಂದೂಕು ಪಡೆಯುವಂತಿಲ್ಲ ಎನ್ನುತ್ತದೆ ಫೆಡರಲ್ ಕಾನೂನು. ಮೊದಲೇ ಇರುವುದನ್ನು ಇಟ್ಟುಕೊಳ್ಳುವುದನ್ನು ಆ ಕಲಂ ನಿಷೇಧಿಸುವುದಿಲ್ಲ. ಜಾಮೀನು ಷರತ್ತು, ರಾಜ್ಯದ ಕಾನೂನು ಅದನ್ನೂ ತಡೆಯಬಹುದು. ಕೌಟುಂಬಿಕ ದೌರ್ಜನ್ಯದ ತಡೆಯಾಜ್ಞೆ ಇರುವವರಿಂದ ಬಂದೂಕು ದೂರವಿಡುವ ಕಾನೂನನ್ನು 2024ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಎಚ್1ಬಿ ಥರದ ವೀಸಾದಲ್ಲಿರುವವರಿಗೆ ಕೇಸ್ ಇರಲಿ ಬಿಡಲಿ, ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ ಬಂದೂಕು ಹೊಂದುವುದೇ ನಿಷಿದ್ಧ. ಗೆಳೆಯರ ಜೊತೆ ಶೂಟಿಂಗ್ ರೇಂಜಿಗೆ ಹೋಗುವ ಮುನ್ನ ಇದನ್ನು ವಲಸೆ ವಕೀಲರಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.